ಅಪ್‌ಡೇಟ್: ಮೈಸೂರಿನ 100 ಲೀಟರ್ ಉಪ್ಪುನೀರಿನ ಟ್ಯಾಂಕ್, ಕೆಂಪು ಲೋಳೆ ಹತೋಟಿಗೆ ಬಂತು

ಎರಡು ತಿಂಗಳ ಹಿಂದೆ ಶುರುಮಾಡಿದ ನನ್ನ ಅಕ್ವೇರಿಯಂ ಟ್ಯಾಂಕಿನ ಮರಳಿನ ಮೇಲೆ ಕೆಂಪು ಲೋಳೆ ಹಾಸಿಕೊಂಡಿದೆ, ಇದೇನು, ಏನು ಮಾಡಲಿ ಎಂದು ಈ ಹಿಂದೆ ಕೇಳಿದ್ದೆ. ಅದು ಪಾಚಿಯಲ್ಲ, ಸಯನೋಬ್ಯಾಕ್ಟೀರಿಯಾ (ಬೆಳಕಿನಿಂದ ಆಹಾರ ಮಾಡಿಕೊಳ್ಳುವ ಬ್ಯಾಕ್ಟೀರಿಯಾ) ಎಂದವರ ಮಾತೇ ಸರಿ.

ಎಡವಟ್ಟು ಇದ್ದದ್ದು ಟಾಪ್‌ಅಪ್ ನೀರಿನಲ್ಲಿ, ಅಂದರೆ ಆವಿಯಾದಷ್ಟನ್ನು ತುಂಬಲು ಹಾಕುವ ನೀರಿನಲ್ಲಿ. ಬೋರ್‌ವೆಲ್ ನೀರಿನ ಆರ್‌ಓ ಫಿಲ್ಟರಿಗೆ ಜೋಡಿಸಿದ್ದ ಡಿಐ ರೆಸಿನ್ (ಆರ್‌ಓ ದಾಟಿ ಬಂದ ಲವಣಗಳನ್ನು ಹಿಡಿಯುವ ಹರಳು) ಶಕ್ತಿ ಮುಗಿದು ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಪ್ರಮಾಣ) 14 ಪಿಪಿಎಂ ಬರುತ್ತಿತ್ತು. ಬದಲಿಸಿದ ಮೇಲೆ 0. ಆಗ ಟ್ಯಾಂಕಿನಲ್ಲಿ ಲೋಳೆಗೆ ಆಹಾರವಾಗುವ ಫಾಸ್ಫೇಟ್ 0.25 ಪಿಪಿಎಂ, ಸಾರಜನಕ ಕೊಡುವ ನೈಟ್ರೇಟ್ ಸೊನ್ನೆ. ಸೊನ್ನೆ ನೋಡಿ ಹಿಗ್ಗಬೇಡಿ: ಸಾರಜನಕವನ್ನು ತಾವೇ ಹಿಡಿದುಕೊಳ್ಳುವ ಸಯನೋ ಪ್ರಭೇದಗಳಿಗೆ ಆಗಲೇ ಸುಗ್ಗಿ.

ಏರ್‌ಪೈಪಿನಲ್ಲಿ ಲೋಳೆ ಎಳೆದು, ದಿನ ಬಿಟ್ಟು ದಿನ 10 ಲೀಟರ್ ನೀರು ಬದಲಿಸಿದೆ, ಹೊಸ ಉಪ್ಪುನೀರಿನ ಸಾಪೇಕ್ಷ ಸಾಂದ್ರತೆ 1.025. ವೇವ್‌ಮೇಕರನ್ನು (ನೀರು ಅಲೆಯಾಡಿಸುವ ಪಂಪ್) ನೀರು ಅಲುಗದ ಮೂಲೆಗೆ ತಿರುಗಿಸಿದೆ. ಮೂರು ದಿನ ಲೈಟ್ ಬಂದ್, ಗಾಳಿಗುಳ್ಳೆಗಳ ನೊರೆಯಲ್ಲಿ ಕೊಳೆ ತೆಗೆಯುವ ಸ್ಕಿಮ್ಮರ್ ಮಾತ್ರ ನಿಲ್ಲಿಸಲಿಲ್ಲ. ಎರಿತ್ರೋಮೈಸಿನ್ ಎಂಬ ಆಂಟಿಬಯಾಟಿಕ್ ಹಾಕಲಿಲ್ಲ, ಒಟ್ಟಿಗೇ ಸತ್ತ ಲೋಳೆ ಕೊಳೆತರೆ ಆಮ್ಲಜನಕ ಕುಸಿಯುತ್ತದೆ. ಈಗ ಫಾಸ್ಫೇಟ್ 0.08, ನೈಟ್ರೇಟ್ 5.