ಒಬ್ಬರು ಕೂತ್ಕೋ, ಒಬ್ಬರು ಸಿಟ್, ಒಬ್ಬರು ಕುಲ್ಲು: ನಾಯಿ ಯಾರ ಮಾತು ಕೇಳಬೇಕು?

ಪ್ರಶ್ನೆ (ಉದ್ಯಾವರದಿಂದ): ನಮಸ್ಕಾರ ಸರ್. ನಮ್ಮಲ್ಲಿ ಏಳು ತಿಂಗಳ ಗಂಡು ನಾಯಿ ಉಂಟು, ಹೆಸರು ಕಾಳು. ಊರ ಜಾತಿಯದ್ದೇ, ಮಳೆಗಾಲದಲ್ಲಿ ತೋಡಿನ ಬದಿಯಲ್ಲಿ ಸಿಕ್ಕಿದ ಮರಿ. ಎರಡು ತಿಂಗಳಿಂದ ಕೂರಲು ಕಲಿಸುತ್ತಿದ್ದೇವೆ. ಕೈಯಲ್ಲಿ ಬಿಸ್ಕೆಟ್ ಇದ್ದರೆ ಕೂರುತ್ತದೆ, ಇಲ್ಲದಿದ್ದರೆ ಮುಖ ನೋಡಿ ಹೊರಟು ಹೋಗುತ್ತದೆ. ಬೆನ್ನು ಒತ್ತಿ ಕೂರಿಸಿದರೆ ಕೂಡಲೇ ಎದ್ದು ನಿಲ್ಲುತ್ತದೆ. ಬೆಳಿಗ್ಗೆ ಮೀನಿನವರ ಸ್ಕೂಟರ್ ಹಾರನ್ ಕೇಳಿದರೆ ಹಿಡಿಯಲಿಕ್ಕೇ ಆಗುವುದಿಲ್ಲ, ಅತ್ತೆಯ ಮೇಲೆ ಹಾರುತ್ತದೆ, ಅವರಿಗೆ 74 ವರ್ಷ, ಹೋದ ವಾರ ಬೀಳುವುದರಲ್ಲಿದ್ದರು. ಇದು ಹಟಮಾರಿಯಾ, ಅಥವಾ ಊರ ನಾಯಿಗೆ ಇದೆಲ್ಲ ಬರುವುದಿಲ್ಲವಾ?

ಉತ್ತರ: ಊರ ನಾಯಿಗೆ ಚೆನ್ನಾಗಿಯೇ ಬರುತ್ತದೆ ಅಕ್ಕಾ. ಹಟವೂ ಅಲ್ಲ. ಮೊದಲು ಎರಡು ವಿಷಯ ಹೇಳಿ. ಮನೆಯಲ್ಲಿ ಯಾರು ಯಾವ ಶಬ್ದ ಹೇಳುತ್ತೀರಿ? ನೆಲ ಎಂತದ್ದು?

ಪ್ರಶ್ನೆ ಕೇಳಿದವರು: ನಾನು ಕೂತ್ಕೋ ಅನ್ನುತ್ತೇನೆ, ಮಕ್ಕಳು ಸಿಟ್, ಅತ್ತೆ ತುಳುವಿನಲ್ಲಿ ಕುಲ್ಲು. ಒಳಗೆ ಟೈಲ್ಸ್, ಜಗಲಿಯಲ್ಲಿ ಕೆಂಪು ಗಾರೆ.

ಉತ್ತರ: ಅಲ್ಲೇ ಉಂಟು ನೋಡಿ. ಒಂದು ಸಣ್ಣ ಪರೀಕ್ಷೆ ಮಾಡಿ. ಎರಡೂ ಕೈ ಹಿಂದೆ ಕಟ್ಟಿಕೊಂಡು, ಬಗ್ಗದೆ, ತಲೆ ಆಡಿಸದೆ, ಒಂದೇ ಸಲ "ಕೂತ್ಕೋ" ಅನ್ನಿ. ಕಾಳು ಕೂರುವುದಿಲ್ಲ ಅಂತ ನನ್ನ ಅಂದಾಜು. ಯಾಕೆಂದರೆ ಅದು ಕಲಿತದ್ದು ಶಬ್ದವನ್ನಲ್ಲ, ಬಿಸ್ಕೆಟ್ ಹಿಡಿದ ಕೈಯನ್ನು. ನಾಯಿ ನಮ್ಮ ಮಾತಿಗಿಂತ ಮೈಯನ್ನು ಬೇಗ ಓದುತ್ತದೆ. ಅದರ ಮೇಲೆ ಮೂರು ಜನ ಮೂರು ಶಬ್ದ ಹೇಳಿದರೆ ಅದು ಯಾವುದನ್ನು ಹಿಡಿದುಕೊಳ್ಳಬೇಕು ಹೇಳಿ?

ಒತ್ತುವುದನ್ನು ಇವತ್ತೇ ನಿಲ್ಲಿಸಿ. ಮೇಲಿಂದ ಒತ್ತಿದರೆ ನಾಯಿ ಕಾಲು ಬಿಗಿ ಮಾಡಿ ಎದುರು ಒತ್ತುತ್ತದೆ, ಅಂದರೆ ನೀವು ನಿಲ್ಲಲಿಕ್ಕೆ ಕಲಿಸಿದ ಹಾಗೆ ಆಯಿತು. ಬೆಳೆಯುವ ಮರಿಯ ಸೊಂಟದ ಗಂಟಿಗೂ ಅದು ಒಳ್ಳೆಯದಲ್ಲ. ಈ ಕೆಲಸ ಶುರು ಮಾಡಿದ ಹೊಸದರಲ್ಲಿ ನಾನೂ ಒತ್ತಿಯೇ ಕೂರಿಸುತ್ತಿದ್ದೆ. ನಾಯಿ ಕೂರುತ್ತಿತ್ತು, ಆದರೆ ನನ್ನ ಕೈ ಕಂಡರೆ ತಲೆ ತಗ್ಗಿಸುತ್ತಿತ್ತು, ಅದನ್ನು ನೆನೆಸಿದರೆ ಈಗಲೂ ಬೇಸರವಾಗುತ್ತದೆ.

ಜಾಗದಿಂದ ಶುರು ಮಾಡಿ. ಟೈಲ್ಸ್ ಮೇಲೆ ಹಿಂದಿನ ಕಾಲು ಜಾರುತ್ತದೆ, ಜಾರುವ ಕಡೆ ಕೂರಲು ಯಾವ ನಾಯಿಗೂ ಮನಸ್ಸಿಲ್ಲ. ಜಗಲಿಯಲ್ಲಿ ಒಂದು ಗೋಣಿ ಹಾಸಿ. (ಮುಧೋಳ ನಾಯಿ ಸಾಕಿದವರೂ ಇದನ್ನು ಗಮನಿಸಿ. ಸಪೂರ ಮೈ, ಮಾಂಸ ಕಡಿಮೆ, ಗಟ್ಟಿ ನೆಲದಲ್ಲಿ ಕೂರುವುದು ಅದಕ್ಕೆ ಕಷ್ಟ.) ಬೆಳಿಗ್ಗೆ ಅಥವಾ ಸಂಜೆ ತಂಪಿನಲ್ಲಿ, ಊಟಕ್ಕೆ ಮೊದಲು, ಮೂರರಿಂದ ಐದು ನಿಮಿಷ ಸಾಕು. ನಮ್ಮ ಕರಾವಳಿಯ ಸೆಕೆಯಲ್ಲಿ ಮಧ್ಯಾಹ್ನ ಸುಮ್ನೆ ಪ್ರಯತ್ನ ಮಾಡಬೇಡಿ, ನಾಲಿಗೆ ಹೊರಗೆ ಹಾಕಿ ಏದುಸಿರು ಬಿಡುವ ನಾಯಿ ಏನೂ ಕಲಿಯುವುದಿಲ್ಲ.

ತಿಂಡಿ ಕಡಲೆ ಕಾಳಿನಷ್ಟು ಸಣ್ಣದಿರಲಿ. ಉಪ್ಪು, ಮಸಾಲೆ ಇಲ್ಲದೆ ಬೇಯಿಸಿದ ಕೋಳಿ, ಮೊಟ್ಟೆ, ಅಥವಾ ಪೂರ್ತಿ ಮುಳ್ಳು ತೆಗೆದ ಬಂಗುಡೆ ಆಗುತ್ತದೆ. ಒಣಮೀನು ಬೇಡ, ಉಪ್ಪು ಜಾಸ್ತಿ. ನೀರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ, ಹಾಗಾಗಿ ಸಾರಿನ ತುಂಡು ತೊಳೆದು ಕೊಡುವ ಅಭ್ಯಾಸವೂ ಬೇಡ. ದಿನದ ಒಟ್ಟು ಆಹಾರದಲ್ಲಿ ತಿಂಡಿಯ ಪಾಲು ಶೇಕಡಾ 10 ದಾಟದಿರಲಿ.

ಈಗ ಕೈ. ಮೊದಲು ಬಾಯಿ ಮುಚ್ಚಿಕೊಂಡು ಕೆಲಸ. ತುಂಡನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, ನಿಧಾನಕ್ಕೆ ಹಣೆಯ ಮೇಲಿಂದ ಹಿಂದಕ್ಕೆ ತನ್ನಿ. ಮೂಗು ಮೇಲೆ ಹೋದಾಗ ಹಿಂಬದಿ ತಾನಾಗಿ ಕೆಳಗೆ ಬರುತ್ತದೆ. ಕೈ ತುಂಬಾ ಮೇಲೆ ಹೋದರೆ ಹಾರುತ್ತದೆ. ಹಿಂದೆ ಹಿಂದೆ ನಡೆಯುತ್ತಾ ಹೋದರೆ ಗೋಡೆಯ ಮೂಲೆಯಲ್ಲಿ ನಿಲ್ಲಿಸಿಕೊಳ್ಳಿ. ಕುಂಡೆ ನೆಲಕ್ಕೆ ತಾಗಿದ ಆ ಕ್ಷಣಕ್ಕೆ "ಹಾಂ" ಅನ್ನಿ, ಕೂಡಲೇ ತಿಂಡಿ ಕೊಡಿ. ಆ "ಹಾಂ" ತಡವಾಗಬಾರದು. ಎದ್ದ ಮೇಲೆ ತಿಂಡಿ ಸಿಕ್ಕಿದರೆ ಏಳುವುದಕ್ಕೇ ಸಂಬಳ ಸಿಕ್ಕಿತು ಅಂತ ಅದು ತಿಳಿದುಕೊಳ್ಳುತ್ತದೆ.

ಐದಾರು ಸಲ ಸರಿ ಬಂದ ಮೇಲೆ ಅದೇ ಕೈ ಸನ್ನೆ, ಆದರೆ ಕೈ ಖಾಲಿ. ತಿಂಡಿ ಇನ್ನೊಂದು ಕೈಯಿಂದ, ಅಥವಾ ಪಕ್ಕದ ಕಿಟಕಿಯ ಮೇಲಿಟ್ಟ ಡಬ್ಬದಿಂದ. ನಿಮ್ಮ ಬಿಸ್ಕೆಟಿನ ಸಮಸ್ಯೆಗೆ ಮದ್ದು ಇದೇ. ತಿಂಡಿ ಕಂಡು ಕೂರುವುದಲ್ಲ, ಕೂತ ಮೇಲೆ ತಿಂಡಿ.

ಶಬ್ದ ಸೇರಿಸುವುದು ಆಮೇಲೆ. ಒಂದೇ ಶಬ್ದ, ಒಂದೇ ಸಲ, ಒಂದು ಸೆಕೆಂಡ್ ಬಿಟ್ಟು ಕೈ ಸನ್ನೆ. ಎರಡನ್ನೂ ಒಟ್ಟಿಗೆ ಮಾಡಿದರೆ ಅದು ಕೈ ಮಾತ್ರ ನೋಡುತ್ತದೆ, ಶಬ್ದ ಕಿವಿಗೇ ಬೀಳುವುದಿಲ್ಲ. ನೂರು ವರ್ಷಕ್ಕೂ ಹಿಂದೆ ರಷ್ಯಾದ ವಿಜ್ಞಾನಿ ಪಾವ್ಲೋವ್ ನಾಯಿಗಳಲ್ಲಿ ನೋಡಿದ್ದೂ ಇದನ್ನೇ: ಶಬ್ದ ಮೊದಲು, ಊಟ ಆಮೇಲೆ, ಆಗಲೇ ಶಬ್ದಕ್ಕೆ ಅರ್ಥ ಬಂತು. ಯಾವ ಶಬ್ದ ಅಂತ ಕೇಳಿದರೆ ನಾನು "ಕುಲ್ಲು" ಅನ್ನುತ್ತೇನೆ. ಬೀಳುವ ಅಪಾಯ ಇರುವುದು ಅತ್ತೆಗೆ, ಅವರ ಬಾಯಿಗೆ ಬರುವುದು ಅದೇ. ನೀವು, ಮಕ್ಕಳು ಬದಲಾಯಿಸಿಕೊಳ್ಳಿ. ಕೂತ ನಾಯಿಯನ್ನು ಏಳಲು ಬಿಡುವಾಗ "ಹೋಗು" ಅನ್ನಿ, "ಆಯ್ತು" ಬೇಡ, ಮನೆಯಲ್ಲಿ ದಿನಕ್ಕೆ ನೂರು ಸಲ ಆಯ್ತು ಅನ್ನುತ್ತೇವೆ ಅಲ್ವಾ.

ಮೀನಿನವರ ವಿಷಯ ಕೊನೆಗೆ. ಕಲಿಯುವ ತನಕ ಆ ಹೊತ್ತಿಗೆ ಚೈನ್ ಹಾಕಿ, ಹಾರಿ ಹಾರಿ ಅಭ್ಯಾಸ ಆಗುವುದು ಬೇಡ. ಹಾರನ್ ಶಬ್ದವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಸಣ್ಣ ದನಿಯಲ್ಲಿ ಹಾಕಿ, ಕೂರಿಸಿ, ಕೊಡಿ. ದಿನ ಕಳೆದ ಹಾಗೆ ದನಿ ಜಾಸ್ತಿ ಮಾಡಿ.

ಇನ್ನೊಬ್ಬರು (ಮಂಗಳೂರು, ಬಿಜೈ): ಸರ್, ನಮ್ಮ ಲ್ಯಾಬ್‌ಗೆ (ಲ್ಯಾಬ್ರಡಾರ್ ನಾಯಿ) ಒಂಬತ್ತು ವರ್ಷ. ಮೊದಲು ಹೇಳಿದ ಕೂಡಲೇ ಕೂರುತ್ತಿತ್ತು. ಒಂದು ತಿಂಗಳಿಂದ ಹೇಳಿದರೂ ನಿಂತೇ ಇರುತ್ತದೆ, ಕೂತರೂ ಒಂದು ಕಾಲು ಬದಿಗೆ ಚಾಚುತ್ತದೆ. ಮತ್ತೆ ಮೊದಲಿನಿಂದ ಕಲಿಸಬೇಕಾ?

ಉತ್ತರ: ಬೇಡ ಮಾರಾಯ್ರೇ, ಕಲಿಸುವುದನ್ನು ನಿಲ್ಲಿಸಿ. ಇದು ಮರೆವಲ್ಲ, ನೋವಿರಬಹುದು. ಲ್ಯಾಬ್‌ಗಳಲ್ಲಿ ಸೊಂಟದ ಗಂಟಿನ ತೊಂದರೆ ಸಾಮಾನ್ಯ, ಮೊಣಕಾಲಿನದ್ದೂ ಇರಬಹುದು. ಈ ವಾರವೇ ಪಶುವೈದ್ಯರಿಗೆ ತೋರಿಸಿ, ಏಳುವಾಗ ಕೂರುವಾಗ ಒಂದು ವಿಡಿಯೋ ಮಾಡಿ ತೆಗೆದುಕೊಂಡು ಹೋಗಿ, ಕ್ಲಿನಿಕ್ಕಿನಲ್ಲಿ ಹೆದರಿ ಚೆನ್ನಾಗಿ ನಡೆದುಬಿಡುತ್ತವೆ. ದಯವಿಟ್ಟು ನಮ್ಮ ನೋವಿನ ಮಾತ್ರೆ ಕೊಡಬೇಡಿ. ಪ್ಯಾರಾಸಿಟಮಾಲ್, ಐಬುಪ್ರೊಫೆನ್ ನಾಯಿಯ ಜೀವಕ್ಕೇ ಅಪಾಯ.

ಪ್ರಶ್ನೆ ಕೇಳಿದವರು (12 ದಿನದ ನಂತರ): ಸರ್, ಅತ್ತೆ ಕುರ್ಚಿಯಲ್ಲಿ ಕೂತು "ಕುಲ್ಲು" ಅಂದರೆ ಕಾಳು ಕೈ ಸನ್ನೆ ಇಲ್ಲದೆಯೇ ಕೂರುತ್ತದೆ! ಅವರಿಗೆ ಎಷ್ಟು ಖುಷಿ ಅಂದರೆ ಬಂದವರಿಗೆಲ್ಲ ತೋರಿಸುತ್ತಾರೆ. ಆದರೆ ಅಂಗಳಕ್ಕೆ ಇಳಿದರೆ ಏನೂ ಗೊತ್ತೇ ಇಲ್ಲದ ಹಾಗೆ ಮಾಡುತ್ತದೆ.

ಉತ್ತರ: ತುಂಬಾ ಸಂತೋಷ ಆಯಿತು ಅಕ್ಕಾ, ಅತ್ತೆಗೆ ಹೇಳಿ. ಅಂಗಳದಲ್ಲಿ ಹೀಗಾಗುವುದು ಸರಿಯೇ. ಅದು ಕಲಿತದ್ದು "ಜಗಲಿಯಲ್ಲಿ, ಗೋಣಿಯ ಮೇಲೆ, ಕುರ್ಚಿಯ ಎದುರು ಕುಲ್ಲು" ಅಂತ. ಅದೇ ಗೋಣಿಯನ್ನು ಅಂಗಳಕ್ಕೆ ತನ್ನಿ, ಮತ್ತೆ ಕೈ ಸನ್ನೆಯಿಂದ ಶುರು ಮಾಡಿ, ಈ ಸಲ ಎರಡು ಮೂರು ದಿನ ಸಾಕಾಗಬಹುದು. ಆಮೇಲೆ ಗೋಣಿ ತೆಗೆಯಿರಿ. ಆಮೇಲೆ ಅತ್ತೆ ನಿಂತುಕೊಂಡು ಹೇಳಲಿ, ನೀವು ಚೈನ್ ಹಿಡಿದಿರಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಗೇಟಿನ ಹತ್ತಿರ ಮಾತ್ರ ಈ ವಾರ ಬೇಡ.