ಜಿಪ್ಸಿಯ ಟ್ರಾನ್ಸ್‌ಫರ್ ಕೇಸ್ ಇಳಿಸಲು ಗೇರ್‌ಬಾಕ್ಸೂ ಬಿಚ್ಚಬೇಕಾ?

ನಾಲೆಏರಿ_ಮಂಡ್ಯ:
ಎಲ್ಲರಿಗೂ ನಮಸ್ಕಾರ. ನಮ್ಮದು 1.3 ಲೀಟರ್ ಪೆಟ್ರೋಲ್ ಮಾರುತಿ ಜಿಪ್ಸಿ. ಪಾಂಡವಪುರದ ಹತ್ತಿರ ಜಮೀನಿದೆ, ಮಳೆ ಬಂದರೆ ಕಬ್ಬಿನ ಗದ್ದೆ ದಾರಿಯಲ್ಲಿ ಫೋರ್‌ವೀಲ್ ಲೋ ಹಾಕದೆ ಗಾಡಿ ಮೇಲೆ ಬರುವುದೇ ಇಲ್ಲ. ಈಗ ಲೋ ಹಾಕಿ ಸ್ವಲ್ಪ ಎಳೆತ ಬಿದ್ದರೆ ಸಾಕು, ಫೋರ್‌ವೀಲಿನ ಚಿಕ್ಕ ಲಿವರ್ ತಾನಾಗಿ ನ್ಯೂಟ್ರಲ್‌ಗೆ ಹಾರುತ್ತದೆ. ಹಿಂದಿನ ಪ್ರೊಪೆಲ್ಲರ್ ಶಾಫ್ಟ್ (ಚಕ್ರಗಳ ಕಡೆಗೆ ಶಕ್ತಿ ಒಯ್ಯುವ ದಂಡ) ಕಡೆ ಆಯಿಲ್ ಸೋರುತ್ತಿದೆ, ಓಡಿಸುವಾಗ ಕುಂಯ್ ಅಂತ ಸದ್ದೂ ಇದೆ. ಮೆಕ್ಯಾನಿಕ್ ಒಬ್ಬರು ಟ್ರಾನ್ಸ್‌ಫರ್ ಕೇಸನ್ನು (ಗೇರ್‌ಬಾಕ್ಸಿಂದ ಬರುವ ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆ) ಗೇರ್‌ಬಾಕ್ಸ್ ಸಮೇತ ಇಳಿಸಬೇಕು ಅಂದರು. ನಿಜಾನಾ? ಮನೆ ಶೆಡ್ಡಿನಲ್ಲಿ ನಾನು, ನನ್ನ ತಮ್ಮ ಇಬ್ಬರೇ ಸೇರಿ ಇಳಿಸಬಹುದಾ?

ಹಳೇಜೀಪು:
ನಿಜ ಅಲ್ಲ ಸಾರ್. ಹಳೇ ಮಹೀಂದ್ರ ಜೀಪುಗಳಲ್ಲಿ ಟ್ರಾನ್ಸ್‌ಫರ್ ಕೇಸು ಗೇರ್‌ಬಾಕ್ಸಿನ ಬೆನ್ನಿಗೇ ಬೋಲ್ಟ್ ಆಗಿರುತ್ತದೆ, ಅದನ್ನೇ ಬಿಚ್ಚಿ ರೂಢಿ ಇರುವವರು ಜಿಪ್ಸಿಗೂ ಹಾಗೇ ಹೇಳುತ್ತಾರೆ. ಜಿಪ್ಸಿಯಲ್ಲಿ ಎರಡೂ ಬೇರೆ ಬೇರೆ. ಗೇರ್‌ಬಾಕ್ಸಿಂದ ಒಂದು ಗಿಡ್ಡ ಶಾಫ್ಟ್ ಹಿಂದಕ್ಕೆ ಬರುತ್ತದೆ, ಟ್ರಾನ್ಸ್‌ಫರ್ ಕೇಸು ಚಾಸಿಗೆ ರಬ್ಬರ್ ಮೌಂಟಿಂಗ್ ಮೇಲೆ ತನ್ನ ಪಾಡಿಗೆ ಕೂತಿರುತ್ತದೆ. ಗೇರ್‌ಬಾಕ್ಸ್ ಮುಟ್ಟುವ ಅಗತ್ಯ ಇಲ್ಲ.

ಆದರೆ ಇಳಿಸುವ ಮೊದಲು ಸ್ವಲ್ಪ ತಾಳಿ. ಲಿವರ್ ಹಾರುವುದಕ್ಕೆ ಒಳಗೆ ಗೇರ್ ಸರಿಸುವ ಫೋರ್ಕು, ಅದನ್ನು ಜಾಗದಲ್ಲಿ ಹಿಡಿಯುವ ಗುಂಡು, ಸ್ಪ್ರಿಂಗೇ ಕಾರಣ ಆಗಬೇಕಿಲ್ಲ. ಮೌಂಟಿಂಗ್ ರಬ್ಬರ್ ಹರಿದಿದ್ದರೆ ಎಳೆತ ಬಿದ್ದಾಗ ಇಡೀ ಕೇಸೇ ತಿರುಚಿಕೊಳ್ಳುತ್ತದೆ. ಲಿವರ್ ನಿಂತಿರುವುದು ಅದರ ಮೇಲೆಯೇ ಅಲ್ವಾ, ಅದು ನೆಲದ ತಗಡಿಗೆ ತಾಕಿ ಜಾಗ ಬಿಡುತ್ತದೆ. ಗಾಡಿ ಕೆಳಗೆ ಹೋಗಿ ಮೌಂಟಿಂಗ್ ಹತ್ತಿರ ಕಬ್ಬಿಣದ ಸಲಾಕೆ ಹಾಕಿ ಮೀಟಿ ನೋಡಿ. ಹಾಗೇ ಕೇಸಿನ ಗಾಳಿ ಹೊರಹೋಗುವ ಬ್ರೀದರ್ ಪೈಪನ್ನೂ ನೋಡಿ. ಅದು ಕೆಸರು ಕಟ್ಟಿಕೊಂಡರೆ ಕೇಸು ಬಿಸಿಯಾದಾಗ ಒಳಗಿನ ಗಾಳಿಗೆ ದಾರಿ ಇರುವುದಿಲ್ಲ, ಸೀಲಿನ ಅಂಚಿನಿಂದ ಆಯಿಲನ್ನು ಹೊರಗೆ ತಳ್ಳುತ್ತದೆ. ಅದು ಬಿಟ್ಟು ಬರೀ ಸೀಲ್ ಬದಲಾಯಿಸಿದರೆ ಮತ್ತೆ ಸೋರುವುದೇ.

ನಾಲೆಏರಿ_ಮಂಡ್ಯ:
ತುಂಬಾ ಥ್ಯಾಂಕ್ಸ್ ಸಾರ್. ನೋಡಿದೆ, ಒಂದು ರಬ್ಬರ್ ಪೂರ್ತಿ ಸೀಳಿದೆ, ಬ್ರೀದರ್ ತುಂಬಾ ಮಣ್ಣು. ಆದರೆ ಸದ್ದು?

ಬನ್ನಿಮಂಟಪ_ಗ್ಯಾರೇಜ್:
ಸದ್ದು ಎಲ್ಲಿಂದ ಅಂತ ನಿಂತಲ್ಲೇ ಕಂಡುಹಿಡಿಯಬಹುದು. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ. ಚಿಕ್ಕ ಲಿವರನ್ನು ನ್ಯೂಟ್ರಲ್‌ಗೆ ಹಾಕಿ, ಗೇರ್‌ಬಾಕ್ಸನ್ನು ಮೂರನೇ ಗೇರಿಗೆ ಹಾಕಿ ನಿಧಾನ ಕ್ಲಚ್ ಬಿಡಿ. ಆಗ ಗಿಡ್ಡ ಶಾಫ್ಟು, ಟ್ರಾನ್ಸ್‌ಫರ್ ಕೇಸಿನ ಇನ್‌ಪುಟ್ ಗೇರು, ಕೌಂಟರ್ ಗೇರು ಸುತ್ತುತ್ತವೆ, ಹೊರಗೆ ಹೋಗುವ ಶಾಫ್ಟುಗಳು ಸುತ್ತುವುದಿಲ್ಲ. ಗೇರ್‌ಬಾಕ್ಸ್ ನ್ಯೂಟ್ರಲ್‌ನಲ್ಲಿದ್ದಾಗ ಇಲ್ಲದ ಸದ್ದು ಈಗ ಕೇಸಿನ ಕಡೆಯಿಂದ ಬಂದರೆ ಆ ಭಾಗದ ಬೇರಿಂಗ್ ಮೇಲೆ ಅನುಮಾನ ಪಡಿ. ಗಾಡಿ ಓಡುವಾಗ ಮಾತ್ರ ಬಂದರೆ ಮೊದಲು ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ (ತುದಿಯಲ್ಲಿರುವ ಕೀಲು) ಅಲ್ಲಾಡಿಸಿ ನೋಡಿ. ಕ್ರಾಸ್ ಹೋಗಿರುವ ಗಾಡಿಯ ಕೇಸು ಬಿಚ್ಚಿದರೆ ದುಡ್ಡೂ ದಂಡ, ಕೆಲಸವೂ ದಂಡ.

ಇಳಿಸುವುದೇ ಆದರೆ ಗಾಡಿಯನ್ನು ಮೊದಲೇ ಸರಿಯಾದ ಜಾಗಕ್ಕೆ ತಂದು ನಿಲ್ಲಿಸಿ. ಟೂ‌ವೀಲ್‌ನಲ್ಲೂ ಶಕ್ತಿ ಹೋಗುವುದು ಇದರ ಮೂಲಕವೇ, ಕೇಸು ಇಳಿದ ಮೇಲೆ ಎಂಜಿನ್ನಿಂದ ಒಂದಡಿ ಕೂಡ ಸರಿಸಲು ಆಗುವುದಿಲ್ಲ. ಶಾಫ್ಟ್ ಬಿಚ್ಚಿದ ಕ್ಷಣದಿಂದ ಗೇರಿನಲ್ಲಿ ನಿಲ್ಲಿಸಿದ್ದಕ್ಕೆ ಅರ್ಥವೂ ಇಲ್ಲ, ಗಾಡಿ ಉರುಳುತ್ತದೆ. ಚಕ್ರದ ಎರಡೂ ಕಡೆ ಕಟ್ಟೆ ಕೊಡಲೇಬೇಕು.

ಆಯಿಲ್ ಇಳಿಸಿ. ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಒಳಗೆ ಹೋಗಿದೆ, ಬೇರಿಂಗ್ ಎಲ್ಲ ಒಮ್ಮೆ ನೋಡಬೇಕು. ಮೂರು ಶಾಫ್ಟಿನ ಫ್ಲ್ಯಾಂಜಿಗೂ (ಬೋಲ್ಟ್ ಹಾಕಿ ಜೋಡಿಸುವ ಬಿಲ್ಲೆ) ಪೇಂಟಿನಲ್ಲಿ ಗುರುತು ಹಾಕಿ, ಎದುರುಬದುರು ಸೇರಿಸಿ ಒಂದೇ ಗೆರೆ. ಈ ಗುರುತು ಬಿಟ್ಟರೆ ಕೂರಿಸಿದ ಮೇಲೆ ಗಾಡಿ ನಡುಗಬಹುದು, ಆಮೇಲೆ ಕಾರಣ ಹುಡುಕುತ್ತಾ ಕೂರಬೇಕಾಗುತ್ತದೆ. ಜಾರುವ ಸ್ಪ್ಲೈನ್ (ಒಂದರೊಳಗೊಂದು ಕೂರುವ ಹಲ್ಲಿನ ಜೋಡಣೆ) ಇರುವ ಕಡೆಯೂ ಗುರುತು ಬೇಕು. ಗೇರ್‌ಬಾಕ್ಸಿನ ಹಿಂಬದಿ ಕೆಳಗೂ ಒಂದು ತಟ್ಟೆ ಇಡಿ, ಅಲ್ಲೂ ಆಯಿಲ್ ಸುರಿಯಬಹುದು. ಸ್ಪೀಡೋಮೀಟರ್ ಕೇಬಲ್, ಫೋರ್‌ವೀಲ್ ಲೈಟಿನ ವೈರು, ಬ್ರೀದರ್ ಪೈಪು, ಒಳಗಡೆಯಿಂದ ಲಿವರ್, ಇಷ್ಟು ಬಿಡಿಸಿ. ಕೇಸಿನ ಕೆಳಗೆ ಜಾಕಿ ಕೊಟ್ಟು, ಬೆಲ್ಟ್ ಬಿಗಿದು, ಆಮೇಲೆ ಮೌಂಟಿಂಗ್ ನಟ್ ತೆಗೆಯಿರಿ. ಒಬ್ಬರು ಎದೆ ಮೇಲೆ ಇಳಿಸಿಕೊಳ್ಳುವ ತೂಕ ಅಲ್ಲ ಅದು, ದಯವಿಟ್ಟು ಆ ಸಾಹಸ ಬೇಡ. ಚಾಸಿಯನ್ನು ಜಾಕಿ ಮೇಲಷ್ಟೇ ನಿಲ್ಲಿಸಿ ಕೆಳಗೆ ನುಗ್ಗಲೂಬೇಡಿ, ಸ್ಟ್ಯಾಂಡ್ ಇರಲಿ.

ಹಳೇಜೀಪು:
ವಾಪಸ್ ಕೂರಿಸುವಾಗಲೇ ಜಾಸ್ತಿ ಜನ ಅವಸರ ಮಾಡುತ್ತಾರೆ. ರಬ್ಬರ್ ಒಂದೇ ಹರಿದಿದ್ದರೂ ಮೂರನ್ನೂ ಹೊಸದು ಹಾಕಿ. ಹಳೆಯದರ ಜೊತೆ ಒಂದು ಹೊಸದು ಸೇರಿಸಿದರೆ ಕೇಸು ವಾರೆ ಕೂರುತ್ತದೆ, ಗಿಡ್ಡ ಶಾಫ್ಟಿನ ಕ್ರಾಸ್ ಬೇಗ ಹೋಗುತ್ತದೆ. ನಟ್ಟುಗಳನ್ನು ಮೊದಲು ಕೈಯಲ್ಲಷ್ಟೇ ತಿರುಗಿಸಿ ಬಿಡಿ. ಶಾಫ್ಟುಗಳನ್ನೆಲ್ಲ ಗುರುತಿಗೆ ಸರಿಯಾಗಿ ಜೋಡಿಸಿ, ಕೇಸು ತನ್ನ ಜಾಗ ಹಿಡಿದ ಮೇಲೆ ಬಿಗಿ ಮಾಡಿ.

ಹೊಸ ಸೀಲ್ ಹಾಕುವ ಮುಂಚೆ ಫ್ಲ್ಯಾಂಜಿನಲ್ಲಿ ಸೀಲ್ ಉಜ್ಜುವ ಜಾಗಕ್ಕೆ ಉಗುರು ಓಡಿಸಿ. ಗೀರು ಸಿಕ್ಕರೆ ಸೀಲ್ ಎಷ್ಟೇ ಒಳ್ಳೆಯದಾದರೂ ನಿಲ್ಲಲ್ಲ. ಗೇರ್ ಆಯಿಲ್ ಸುಮಾರು 800 ಎಂಎಲ್ ಹಿಡಿಯುತ್ತದೆ, ಗಾಡಿ ಸಮತಟ್ಟಾಗಿ ನಿಂತಿರುವಾಗ ಮೇಲಿನ ಪ್ಲಗ್ ತೂತಿನ ಅಂಚಿಗೆ ಬರಬೇಕು. ಬ್ರೀದರ್ ಪೈಪನ್ನು ಸ್ವಲ್ಪ ಉದ್ದ ಮಾಡಿ ಮೇಲಕ್ಕೆ ಕಟ್ಟಿದರೆ ನಿಮ್ಮ ನಾಲೆ ಕೆಸರಿಗೆ ಒಳ್ಳೆಯದು.

ನಾಲೆಏರಿ_ಮಂಡ್ಯ:
ಚಿಕ್ಕ ಲಿವರ್ ನ್ಯೂಟ್ರಲ್‌ಗೆ, ಗೇರ್‌ಬಾಕ್ಸ್ ಮೂರನೇ ಗೇರಿಗೆ ಹಾಕಿ ನೋಡಿದೆ ಸಾರ್, ಸದ್ದು ಕೇಸಿಂದಲೇ. ಹಾಗಾದರೆ ಇಳಿಸುತ್ತೇವೆ. ಆದ ಮೇಲೆ ಹೆದ್ದಾರಿಯಲ್ಲಿ ಫೋರ್‌ವೀಲ್ ಹಾಕಿ ನೋಡಬಹುದಾ?

ಬನ್ನಿಮಂಟಪ_ಗ್ಯಾರೇಜ್:
ಬೇಡವೇ ಬೇಡ. ಇದರಲ್ಲಿ ಮುಂದಿನ ಹಿಂದಿನ ಚಕ್ರಗಳು ಬೇರೆ ಬೇರೆ ವೇಗದಲ್ಲಿ ಸುತ್ತಲು ಬಿಡುವ ಮಧ್ಯದ ಡಿಫರೆನ್ಷಿಯಲ್ ಇಲ್ಲ. ಟಾರಿನ ಮೇಲೆ ತಿರುವಿನಲ್ಲಿ ಮುಂದಿನ ಹಿಂದಿನ ಚಕ್ರಗಳು ಬೇರೆ ಬೇರೆ ದೂರ ಹೋಗುತ್ತವೆ, ಆ ವ್ಯತ್ಯಾಸಕ್ಕೆ ಜಾಗ ಸಿಗದೆ ಹೊಸ ಬೇರಿಂಗ್, ಗೇರ್ ಎಲ್ಲದರ ಮೇಲೂ ಒತ್ತಡ ಬೀಳುತ್ತದೆ. ಉತ್ತ ಹೊಲದಲ್ಲಿ ನೋಡಿ. ಬೇರಿಂಗ್ ತರುವಾಗ ಹಳೆಯದರ ಅಂಚಿನಲ್ಲಿ ಕೆತ್ತಿರುವ ನಂಬರ್ ಬರೆದುಕೊಂಡು ಹೋಗಿ, ಬರೀ ಗಾಡಿ ಹೆಸರು ಹೇಳಿ ತರಬೇಡಿ. ಒಳಗಿನ ವಾಷರುಗಳನ್ನು ತೆಗೆಯುವ ಮುಂಚೆ ಯಾವುದು ಯಾವ ಕಡೆ ಅಂತ ಫೋಟೋ ತೆಗೆದು ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.