ಗಾಬಲ್ಡಿಗೂಕ್: ಅರ್ಥ, ಮೂಲ, ಕನ್ನಡದಲ್ಲಿ ಏನನ್ನಬಹುದು?

ಇಂಗ್ಲಿಷಿನ 'ಗಾಬಲ್ಡಿಗೂಕ್' ಅಂದರೆ ಅರ್ಥವಿಲ್ಲದ ಮಾತು ಅಂತ ಅಷ್ಟಕ್ಕೇ ಬಿಟ್ಟರೆ ಆ ಪದದ ಸೊಗಸೇ ಕೈತಪ್ಪಿ ಹೋಗುತ್ತದೆ. ಬರೀ ಅರ್ಥವಿಲ್ಲದ ಮಾತಿಗೆ ಇಂಗ್ಲಿಷಿನಲ್ಲಿ 'ಜಿಬರಿಷ್' ಮೊದಲಿನಿಂದಲೂ ಇತ್ತು. ಜ್ವರ ಏರಿದವರು ಏನೇನೋ ಬಡಬಡಿಸಿದರೆ ಅದು ಜಿಬರಿಷ್. ಗಾಬಲ್ಡಿಗೂಕ್ ಹಾಗಲ್ಲ. ಇಲ್ಲಿ ವ್ಯಾಕರಣ ಸರಿಯಾಗಿಯೇ ಇರುತ್ತದೆ, ಪದಗಳು ತೂಕದವೇ, ಬರೆದವರ ಗತ್ತೂ ಎದ್ದು ಕಾಣುತ್ತದೆ. ಓದುವವರಿಗೆ ಮಾತ್ರ ತಲೆಬುಡ ತಿಳಿಯುವುದಿಲ್ಲ. ಸುತ್ತೋಲೆ, ಕರಾರು ಪತ್ರ, ವಿಮೆಯ ಷರತ್ತು, ಇಂಥವುಗಳ ಬಗ್ಗೆಯೇ ಈ ಪದ ಜಾಸ್ತಿ ಬಳಕೆಯಾಗುವುದು.

ಇದು ಹುಟ್ಟಿದ್ದು ಯಾವಾಗ, ಯಾರಿಂದ ಅನ್ನುವುದು ಖಚಿತವಾಗಿ ಗೊತ್ತಿದೆ. ಇಂಗ್ಲಿಷಿನ ಇಂಥ ಪದಗಳಲ್ಲಿ ಅದು ಅಪರೂಪ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸಣ್ಣ ಕಾರ್ಖಾನೆಗಳಿಗೆ ಯುದ್ಧದ ಕೆಲಸ ಕೊಡಿಸುವ ಸರ್ಕಾರಿ ಸಂಸ್ಥೆಯೊಂದಿತ್ತು. ಟೆಕ್ಸಾಸಿನ ಮೌರಿ ಮ್ಯಾವರಿಕ್ ಅದರ ಅಧ್ಯಕ್ಷರು. ತಮ್ಮ ಕಚೇರಿಯ ಟಿಪ್ಪಣಿಗಳ ಭಾಷೆ ಓದಿ ಓದಿ ರೋಸಿಹೋದ ಅವರು 1944ರ ಮಾರ್ಚ್‌ನಲ್ಲಿ ಒಂದು ಆದೇಶ ಹೊರಡಿಸಿದರು. ಗಾಬಲ್ಡಿಗೂಕ್ ಭಾಷೆ ಸಾಕು, ಚಿಕ್ಕದಾಗಿ ಬರೆಯಿರಿ, ಏನು ವಿಷಯ ಅಂತ ನೇರವಾಗಿ ಹೇಳಿ ಅನ್ನುವುದು ಅದರ ತಿರುಳು. 'ಆಕ್ಟಿವೇಶನ್', 'ಇಂಪ್ಲಿಮೆಂಟೇಶನ್' ಅನ್ನುವ ಪದ ಬಳಸಿದವರಿಗೆ ಗುಂಡು ಹೊಡೆಯಲಾಗುವುದು ಅಂತಲೂ ಅದರಲ್ಲಿತ್ತು!

ಈ ಪದ ಎಲ್ಲಿಂದ ಬಂತು ಅಂತ ಜನ ಕೇಳಿದಾಗ ಅವರು ಕೊಟ್ಟ ವಿವರಣೆ ಟರ್ಕಿ ಕೋಳಿಯದು. ಟೆಕ್ಸಾಸಿನ ಗಂಡು ಟರ್ಕಿ ಎದೆಯುಬ್ಬಿಸಿ, ಬೀಗುತ್ತಾ ನಡೆಯುತ್ತದೆ. ನಡೆಯುತ್ತಾ 'ಗಾಬಲ್ ಗಾಬಲ್' ಅನ್ನುತ್ತಲೇ ಇರುತ್ತದೆ. ಕೊನೆಗೆ ಗಂಟಲಿನಿಂದ 'ಗೂಕ್' ಅನ್ನುವಂಥ ಸದ್ದೊಂದು ಬರುತ್ತದೆ. 'ಗಾಬಲ್' ಅಂದರೆ ಗಬಗಬ ತಿನ್ನುವುದು ಅಂತಲೂ ಅರ್ಥವಿರುವುದರಿಂದ, ಪದಗಳನ್ನು ನುಂಗಿ ಮಾತಾಡುವುದು ಅಂತ ಬಿಡಿಸಲು ಮನಸ್ಸಾಗುತ್ತದೆ. ಆದರೆ ಇಲ್ಲಿರುವುದು ತಿನ್ನುವ ಗಾಬಲ್ ಅಲ್ಲ, ಕೂಗುವ ಗಾಬಲ್.

ಅಂದಹಾಗೆ, ಮೌರಿ ಅವರ ಅಜ್ಜ ಸ್ಯಾಮ್ಯುಯೆಲ್ ಮ್ಯಾವರಿಕ್ ತಮ್ಮ ದನಗಳಿಗೆ ಗುರುತಿನ ಬರೆ ಹಾಕಿಸುತ್ತಿರಲಿಲ್ಲ. ಅದರಿಂದಲೇ ಬರೆಯಿಲ್ಲದ ದನಕ್ಕೆ, ಆಮೇಲೆ ಯಾರ ಹಿಂಡಿಗೂ ಸೇರದೆ ತನ್ನದೇ ದಾರಿ ಹಿಡಿಯುವ ಮನುಷ್ಯನಿಗೆ 'ಮ್ಯಾವರಿಕ್' ಅನ್ನುವ ಪದ ಬಂತು. ಒಂದೇ ಮನೆತನದಿಂದ ಎರಡು ಪದ!

ಆ ಕಾಲದ ಕಚೇರಿ ಭಾಷೆ ಹೇಗಿತ್ತು ಅನ್ನುವುದಕ್ಕೆ 1942ರ ಒಂದು ಆದೇಶ ನೋಡಿ. ಅದರ ಧಾಟಿ ಸುಮಾರಾಗಿ ಹೀಗೆ: "ಆಂತರಿಕ ಅಥವಾ ಬಾಹ್ಯ ಪ್ರಕಾಶದ ಕಾರಣದಿಂದ ಉಂಟಾಗುವ ಗೋಚರತೆಯಿಂದ, ವಾಯುದಾಳಿಯ ಯಾವುದೇ ಅವಧಿಯಲ್ಲಿ, ಸಮಸ್ತ ಫೆಡರಲ್ ಕಟ್ಟಡಗಳು ಸಂಪೂರ್ಣ ಮರೆಯಾಗುವಂತಹ ಸಿದ್ಧತೆಗಳನ್ನು ಕೈಗೊಳ್ಳತಕ್ಕದ್ದು." ಅಧ್ಯಕ್ಷ ರೂಸ್‌ವೆಲ್ಟ್ ಇದನ್ನು ತಿದ್ದಿದರು. ಕೆಲಸ ನಡೆಯಲೇಬೇಕಾದ ಕಡೆ ಕಿಟಕಿಗೆ ಏನಾದರೂ ಅಡ್ಡ ಹಾಕಿ, ನಿಲ್ಲಿಸಬಹುದಾದ ಕಡೆ ದೀಪ ಆರಿಸಿ. ಇಷ್ಟೇ ವಿಷಯ! ಬಾಂಬ್ ಬೀಳುವ ಹೊತ್ತಲ್ಲಿ ಯಾವುದು ಜೀವ ಉಳಿಸುತ್ತದೆ ಅಂತ ಬೇರೆ ಹೇಳಬೇಕಿಲ್ಲ ಅಲ್ವಾ?

'ಜಾರ್ಗನ್' ಜೊತೆಗೂ ಇದನ್ನು ಬೆರೆಸಬಾರದು. ಇಬ್ಬರು ವೈದ್ಯರು ತಮ್ಮತಮ್ಮಲ್ಲಿ ಆಡುವುದು ಜಾರ್ಗನ್, ಅವರಿಬ್ಬರಿಗೂ ಅದು ಅರ್ಥವಾಗುತ್ತದೆ. ಅದನ್ನೇ ರೋಗಿಯ ಮುಂದೆ ಒದರಿದರೆ ಗಾಬಲ್ಡಿಗೂಕ್. ಜಾರ್ಗನ್ ಕೂಡ ಹಳೆಯ ಫ್ರೆಂಚಿನಲ್ಲಿ ಹಕ್ಕಿಗಳ ಚಿಲಿಪಿಲಿಗೆ ಇದ್ದ ಪದವೇ.

ಇನ್ನು ಕನ್ನಡಕ್ಕೆ ಬರೋಣ. 'ಬಡಬಡಿಕೆ' ಸದ್ದಿನಲ್ಲಿ ಹತ್ತಿರವಿದೆ, ಆದರೆ ಅದಕ್ಕೆ ಗತ್ತಿಲ್ಲ. 'ಶಬ್ದಾಡಂಬರ'ದಲ್ಲಿ ಗತ್ತಿದೆ, ಅರ್ಥವಾಗದ ಗೋಳು ಇಲ್ಲ. 'ಗೊಜಲು' ಅಂದರೆ ಬರೀ ಸಿಕ್ಕುಸಿಕ್ಕು. ನನಗೆ ಒಪ್ಪಿಗೆಯಾಗುವುದು 'ಜಂಬದ ಬಡಬಡಿಕೆ'. 'ಜಂಬದ ಕೋಳಿ' ನಮ್ಮಲ್ಲಿ ಹೇಗೂ ಇದ್ದೇ ಇದೆ, ಆ ಟರ್ಕಿಯ ನೆರಳೂ ಸುಮ್ನೆ ಬಂದು ಕೂರುತ್ತದೆ. "ಆ ಸುತ್ತೋಲೆ ತುಂಬ ಜಂಬದ ಬಡಬಡಿಕೆ" ಅಂದರೆ ಕಿವಿಗೆ ಒಗ್ಗುತ್ತದೆ. ಆದರೆ ಇವು ಎರಡು ಪದ. ಸದ್ದು, ಗತ್ತು, ಗೊಜಲು ಮೂರೂ ಇರುವ ಒಂದೇ ಪದ ನಿಮ್ಮ ಕಡೆ ಬಳಕೆಯಲ್ಲಿದ್ದರೆ, ಅದನ್ನು ಹೇಗೆ ಬಳಸುತ್ತೀರಿ ಅನ್ನುವುದಕ್ಕೆ ಒಂದು ವಾಕ್ಯದ ಸಮೇತ ತಿಳಿಸಿ.